ಸೇಡಂ ಕಾಟಾ ಮತ್ತು ಇನ್ನೂರು ಅಶ್ವಶಕ್ತಿ

ಆ ಕಾರಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಯಾವ ಕಂಪನಿಯ ಗಾಡಿ ಎಂದು ಯಾರಿಗೂ ಗೊತ್ತಾಗಬಾರದೆಂದು ಮೈತುಂಬ ಕಪ್ಪು ಬಿಳಿ ಗೀರುಗಳ ಹಾಳೆ ಅಂಟಿಸಿ, ಹೆಡ್‌ಲೈಟಿನ ಅರ್ಧಕ್ಕೂ ಪಟ್ಟಿ ಬಡಿದಿದ್ದರು. ಹಾಗೆ ಮುಚ್ಚಿದ್ದರಿಂದಲೇ ನಾವು ಸೇಡಂ ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ಅರ್ಧ ಊರು ನಿಂತು ನೋಡಿತು. ಸುಮ್ಮನೆ ಬಿಳಿ ಬಣ್ಣ ಬಳಿದಿದ್ದರೆ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಕಂಪನಿಯ ನಿಯಮಕ್ಕೆ ಎದುರಾಡುವವರು ಯಾರು?

ಅದು ಜೋರಾಗಿ ಓಡಿಸುವವರಿಗೆಂದೇ ಮಾಡಿದ ಕಾರು. ಅದರ ಹೊಸ ಟರ್ಬೊ ಇಂಜಿನ್ ರಸ್ತೆಯ ಮೇಲೆ ನಿಜಕ್ಕೂ ಎಷ್ಟು ಅಶ್ವಶಕ್ತಿ, ಎಷ್ಟು ಟಾರ್ಕ್ ಕೊಡುತ್ತದೆ ಎಂದು ಬಿಡುಗಡೆಗೆ ಮುಂಚೆ ಅಂದಾಜು ಮಾಡಿ ಹೇಳುವುದು ನನ್ನ ಕೆಲಸ. ಟಾರ್ಕ್ ಅಂದರೆ ಇಂಜಿನ್ನಿನ ತಿರುಗಿಸುವ ಬಲ. ಆ ಬಲ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎನ್ನುವುದು ಅಶ್ವಶಕ್ತಿ. ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ಇಂಜಿನ್ನನ್ನು ಬೆಂಚಿಗೆ ಕಟ್ಟಿ ತಿರುಗಿಸಿದಾಗ ಇನ್ನೂರು ಅಶ್ವಶಕ್ತಿ, ಮುನ್ನೂರು ನ್ಯೂಟನ್ ಮೀಟರ್ ಟಾರ್ಕ್ ಬಂದಿತ್ತು. ಬೆಂಚಿನ ಮಾತು ಬೆಂಚಿಗೆ. ಬೇಸಿಗೆಯಲ್ಲಿ ನಮ್ಮ ಕಡೆಯ ಡಾಂಬರಿನ ಮೇಲೆ ಅದೇ ಇಂಜಿನ್ ಏನು ಹೇಳುತ್ತದೆ ಎಂದು ನೋಡಲು ಕಂಪನಿಯವರು ಹೊರಗಿನವಳಾದ ನನ್ನನ್ನು ಕರೆದಿದ್ದರು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಬಿಸಿಲಿಗೆ ಹೆದರುವುದಿಲ್ಲ ಎಂಬ ಒಂದೇ ಅರ್ಹತೆ ನೋಡಿ ಕರೆದರೋ ಏನೋ.

ನನ್ನ ಜೊತೆ ಗಾಡಿ ಓಡಿಸಲು ಬಂದವರು ಚಿತ್ತಾಪುರದವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ. ಪರೀಕ್ಷೆಯ ಗಾಡಿ ಓಡಿಸುವುದರಲ್ಲಿ ಪಳಗಿದ ಮನುಷ್ಯ. ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯದ ಗುರುತಿತ್ತು. ಹಿಂದೆ ಬೇರೆ ಊರಿನಲ್ಲಿ, ಬೇರೆ ಕಂಪನಿಯ ಗಾಡಿಯಲ್ಲಿ, ಇಂಜಿನ್ನಿಗೆ ತಾಳಲಾರದಷ್ಟು ಬೂಸ್ಟ್ ಕೊಟ್ಟು ಓಡಿಸಿದ್ದರು. ಬೂಸ್ಟ್ ಅಂದರೆ ಟರ್ಬೊ ಇಂಜಿನ್ನಿನೊಳಗೆ ಒತ್ತಿ ತುಂಬುವ ಗಾಳಿ. ಪಿಸ್ಟನ್ ಒಡೆದು, ಕಾದ ಆಯಿಲ್ ಚೆಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಆ ಕಥೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಭಾಯಿ ಮಾತ್ರ ಅದನ್ನು ಎಂದೂ ತಾವಾಗಿ ತೆಗೆಯುತ್ತಿರಲಿಲ್ಲ.

ರಸ್ತೆಯ ಮೇಲೆ ಅಶ್ವಶಕ್ತಿ ಲೆಕ್ಕ ಹಾಕುವುದು ಹೇಳಲು ಸುಲಭ. ಗಾಡಿಯ ತೂಕ ಗೊತ್ತಿರಬೇಕು. ಅದು ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂದು ಅಳೆಯಬೇಕು. ಗಾಳಿ ಮತ್ತು ಟೈರು ಎಷ್ಟು ಹಿಂದಕ್ಕೆ ಎಳೆಯುತ್ತವೆ ಎಂದು ತಿಳಿಯಬೇಕು. ಇಷ್ಟು ಸಿಕ್ಕರೆ ಇಂಜಿನ್ನಿನ ಬಾನೆಟ್ ತೆಗೆಯದೆಯೇ ಅದರ ತಾಕತ್ತು ಹೇಳಬಹುದು. ತೂಕಕ್ಕೆಂದು ಕಂಪನಿಯವರು ನಾಲ್ಕು ಚಕ್ರದ ಕೆಳಗಿಡುವ ತಟ್ಟೆಗಳನ್ನು ಕೊಟ್ಟು ಕಳಿಸಿದ್ದರು. ಅವು ನಮ್ಮ ಬಿಸಿಲಿಗೆ ಬಂದ ಕೂಡಲೇ ತಲೆ ಕೆಟ್ಟವರಂತೆ ಒಂದೊಂದು ಸಲ ಒಂದೊಂದು ಅಂಕಿ ಹೇಳತೊಡಗಿದವು. ಹಾಳಾಗಿ ಹೋಗಲಿ ಎಂದು ಅವುಗಳನ್ನು ಡಬ್ಬಿಗೆ ಹಾಕಿ, ಸುಲೇಪೇಟ ರಸ್ತೆಯಲ್ಲಿ ಸೇಡಂ ದಾಟಿದ ಮೇಲೆ ಸಿಗುವ ಒಂದು ಕಾಟಾಕ್ಕೆ ಗಾಡಿ ಒಯ್ದೆವು. ಚಿಂಚೋಳಿ ಕಡೆಯಿಂದ ಬರುವ ತೊಗರಿ ಟ್ರ್ಯಾಕ್ಟರುಗಳೂ ಫರಸಿ ಕಲ್ಲಿನ ಲಾರಿಗಳೂ ತೂಗಿಸುವ ಜಾಗ ಅದು.

ತಗಡಿನ ಕೋಣೆಯ ಕಿಟಕಿಯಲ್ಲಿ ಕಾಟಾದ ಯಜಮಾನರು ಕುಳಿತಿದ್ದರು. ಹಣೆಗೆ ವಿಭೂತಿ, ಹೆಗಲಿಗೆ ಒದ್ದೆ ಟವೆಲ್. ನಮ್ಮ ಗೀರುಗೀರಿನ ಗಾಡಿ ನೋಡಿ ಕನ್ನಡಕ ಏರಿಸಿಕೊಂಡರು.

"ಇದೇನ್ರಿ, ಸರ್ಕಸ್ ಕಂಪನಿ ಗಾಡಿ ಏನು?"

"ಹೂಂ ಅಂತ ತಿಳಕೋರಿ ಯಜಮಾನ್ರ," ಎಂದರು ಭಾಯಿ. "ವಜನ ನೋಡಿ ಹೇಳ್ರಿ."

ಪರೀಕ್ಷೆಯ ಹೊತ್ತಿನಲ್ಲಿ ನಾವಿಬ್ಬರೂ ಗಾಡಿಯಲ್ಲೇ ಇರುತ್ತೇವೆ, ಆದ್ದರಿಂದ ನಮ್ಮನ್ನೂ ಸೇರಿಸಿಯೇ ತೂಕ ಬೇಕು. ಆದರೂ ಕೇಳುವುದು ಒಳ್ಳೆಯದೆಂದು, "ಇಳೀಬೇಕೇನ್ರಿ?" ಎಂದೆ.

"ಛೇ ಛೇ, ಕುಂದ್ರಿ ಅಕ್ಕಾರ. ಎಂಥಾ ಬಿಸಲದ! ನೀವು ಆರಾಮ ಕುಂದ್ರಿ, ನಾ ನೋಡಿ ಹೇಳ್ತೀನಿ."

ಹೊರಗಿನ ಅಂಕಿಯ ಫಲಕ ಬಿಸಿಲಿಗೆ ಸತ್ತು ಯಾವುದೋ ಕಾಲವಾಗಿತ್ತು. ಅಂಕಿ ಕಾಣುತ್ತಿದ್ದುದು ಅವರಿಗೆ ಮಾತ್ರ, ಒಳಗಿನ ಪೆಟ್ಟಿಗೆಯಲ್ಲಿ. ಚೀಟಿ ಬೇಕೇ ಎಂದು ಕೇಳಿದರು. ಬಿಡುಗಡೆಯಾಗದ ಗಾಡಿಯ ಬಗ್ಗೆ ಹೊರಗೆ ಒಂದಕ್ಷರವೂ ಬರಹದಲ್ಲಿ ಇರಕೂಡದು ಎಂದು ಕಂಪನಿ ಕಟ್ಟಪ್ಪಣೆ ಮಾಡಿತ್ತು. ಬೇಡ, ಬಾಯಲ್ಲೇ ಹೇಳಿ ಎಂದೆ.

"ಒಂದ ಸಾವಿರದ ಆರನೂರಾ ನಲವತ್ತ ನೋಡ್ರಿ."

ನಾನು ಸಾವಿರದ ಎಂಟುನೂರರ ಹತ್ತಿರ ಬರಬಹುದೆಂದುಕೊಂಡಿದ್ದೆ. ಆದರೆ ಈ ಗಾಡಿಗೆ ಹೊಸದಾಗಿ ಹಗುರದ ಬಾನೆಟ್, ಬಾಗಿಲು ಕೂರಿಸಿದ್ದರು. ಅವುಗಳ ತೂಕ ಯಾರೂ ನನಗೆ ಹೇಳಿರಲಿಲ್ಲ. ಕಂಪನಿಯಲ್ಲಿ ಈ ಕಾರಿನ ಹೊಣೆ ಹೊತ್ತ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಬೆಂಗಳೂರಿನ ಮನುಷ್ಯ, ಮೆದು ಮಾತು. ಅಂಕಿ ಕೇಳಿ ಕುಣಿದಾಡಿಬಿಟ್ಟರು.

"ನೋಡಿದ್ರಾ ಮೇಡಂ! ಹಗುರ ಮಾಡೋಕೆ ಎಷ್ಟು ಒದ್ದಾಡಿದ್ದೀವಿ ಗೊತ್ತಾ? ಇಷ್ಟು ಹಗುರ ಆಗಿರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ."

ಮಾಡಿದವರೇ ಅಷ್ಟು ಖುಷಿಪಟ್ಟ ಮೇಲೆ ನಾನೇಕೆ ಅನುಮಾನಿಸಲಿ? ಆ ಅಂಕಿಯನ್ನೇ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡೆ.

ಸೇಡಂ, ಚಿತ್ತಾಪುರಗಳ ನಡುವೆ ಕಲ್ಲು ಗಣಿಯವರೊಬ್ಬರು ತಮ್ಮ ಲಾರಿಗಳಿಗೆಂದು ಹಾಕಿಸಿ ಇನ್ನೂ ಬಳಸದೆ ಬಿಟ್ಟಿದ್ದ ಖಾಸಗಿ ರಸ್ತೆಯನ್ನು ನಮಗೆ ಕೊಟ್ಟಿದ್ದರು. ಗೆರೆ ಎಳೆದಂತೆ ನೇರ. ಎರಡೂ ತುದಿಗೆ ಹಗ್ಗ ಕಟ್ಟಿ ಕಾವಲಿಟ್ಟಿದ್ದೆವು. ಮೊದಲು ಗಾಡಿಯನ್ನು ವೇಗಕ್ಕೆ ಒಯ್ದು, ಗೇರ್ ತಪ್ಪಿಸಿ, ಬ್ರೇಕ್ ಮುಟ್ಟದೆ ಅದು ತಾನಾಗಿ ನಿಧಾನವಾಗುವುದನ್ನು ದಾಖಲಿಸಿದೆವು. ಗಾಳಿಯೂ ಟೈರೂ ಎಷ್ಟು ಎಳೆಯುತ್ತವೆ ಎಂದು ಅದರಿಂದ ಗೊತ್ತಾಗುತ್ತದೆ. ಆಮೇಲೆ ಮೂರನೇ ಗೇರಿನಲ್ಲಿ ನಿಧಾನದಿಂದ ಹಿಡಿದು ಇಂಜಿನ್ ಇದಕ್ಕಿಂತ ಜೋರಾಗಿ ತಿರುಗಬಾರದು ಎನ್ನುವ ಕೆಂಪು ಗೆರೆಯವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸುವುದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಇಳಿಜಾರು ಗಾಳಿ ಎರಡರ ಲೆಕ್ಕವೂ ಸಮವಾಗಲೆಂದು. ಮುಂದಿನ ಗಾಜಿಗೆ ಅಂಟಿಸಿದ ಉಪಗ್ರಹದ ಪೆಟ್ಟಿಗೆ ಕ್ಷಣಕ್ಷಣದ ವೇಗ ಬರೆದುಕೊಳ್ಳುತ್ತಿತ್ತು. ಏಸಿ ಹಾಕುವಂತಿಲ್ಲ, ಅದು ಇಂಜಿನ್ನಿನ ಶಕ್ತಿ ತಿನ್ನುತ್ತದೆ. ಕಿಟಕಿ ಇಳಿಸುವಂತಿಲ್ಲ, ಗಾಳಿಯ ಲೆಕ್ಕ ಕೆಡುತ್ತದೆ.

"ಅಕ್ಕಾರ, ಇದು ಕಾರಲ್ರಿ, ಸುಣ್ಣದ ಭಟ್ಟಿ ಅದ," ಎಂದರು ಭಾಯಿ, ಬೆವರು ಒರೆಸಿಕೊಳ್ಳುತ್ತ. "ಇನ್ನೊಂದ ತಾಸು ಕುಂತ್ರ ನಾವಿಬ್ಬರೂ ಸಿಮೆಂಟ್ ಆಗ್ತೀವಿ."

ಸಂಜೆ ಲೆಕ್ಕ ಹಾಕಿದೆ. ಬಿಸಿ ಗಾಳಿಗೆ ಕೊಡಬೇಕಾದ ರಿಯಾಯಿತಿ ಕೊಟ್ಟೆ, ಗೇರು ಚಕ್ರಗಳಲ್ಲಿ ಸೋರಿಹೋಗುವ ಶಕ್ತಿ ಸೇರಿಸಿದೆ. ನೂರಾ ಎಂಬತ್ಮೂರು ಅಶ್ವಶಕ್ತಿ. ಟಾರ್ಕ್ ಇನ್ನೂರಾ ಎಪ್ಪತ್ತೈದು. ಒಂದೆರಡು ಕುದುರೆ ಕಡಿಮೆಯಾಗಿದ್ದರೆ ರಸ್ತೆಯ ತಪ್ಪೆಂದು ಬಿಡಬಹುದಿತ್ತು. ಹದಿನೇಳು ಕುದುರೆ ಎಲ್ಲಿ ತಪ್ಪಿಸಿಕೊಂಡು ಹೋದವು?

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಗಾಳಿಯ ಫಿಲ್ಟರ್ ತೆಗೆದರೆ ಸುಣ್ಣಕಲ್ಲಿನ ಬಿಳಿ ಧೂಳು ಅಂಗೈತುಂಬ ಬಂತು. ಇದೇ ಕಳ್ಳ ಎಂದು ಖುಷಿಯಿಂದ ಬದಲಾಯಿಸಿದೆವು. ಅಂಕಿ ಕದಲಲಿಲ್ಲ. ಪೆಟ್ರೋಲ್ ಕಲಬೆರಕೆ ಇರಬಹುದೆಂದು ಪೂರ್ತಿ ಬಸಿದು ವಾಡಿಯಿಂದ ಬೇರೆ ತಂದು ಅದೇ ಗುರುತಿನವರೆಗೆ ತುಂಬಿದೆವು. ಕದಲಲಿಲ್ಲ. ಟೈರಿನ ಗಾಳಿ ನೋಡಿದೆವು, ಟರ್ಬೊದ ಪೈಪುಗಳಿಗೆ ಸಾಬೂನು ನೀರು ಹಚ್ಚಿ ಸೋರುತ್ತದೆಯೇ ಎಂದು ನೋಡಿದೆವು. ಮುಂಜಾನೆಯ ತಂಪಿನಲ್ಲೂ ಓಡಿಸಿದೆವು, ಮಧ್ಯಾಹ್ನದ ಉರಿಯಲ್ಲೂ ಓಡಿಸಿದೆವು. ರಿಯಾಯಿತಿ ಕೊಟ್ಟು ನೋಡಿದರೆ ಯಾವಾಗಲೂ ಅದೇ ನೂರಾ ಎಂಬತ್ಮೂರು. ನನಗೆ ಆ ಅಂಕಿಯ ಮುಖ ನೋಡಿದರೇ ಸಿಟ್ಟು ಬರತೊಡಗಿತು. ಭಾಯಿ ತಂದ ಜೋಳದ ರೊಟ್ಟಿ, ಪುಂಡಿ ಪಲ್ಯ ಕೂಡ ರುಚಿಸಲಿಲ್ಲ.

"ನಾ ಪೂರ್ತಿ ಒತ್ತಾಕತ್ತೀನಿ ಅಕ್ಕಾರ," ಎಂದು ಭಾಯಿ ತಾವಾಗಿಯೇ ಹೇಳಿದರು. "ನಿಮಗ ಅನುಮಾನ ಬಂದಿದ್ರ ಕಾಲ ನೋಡ್ರಿ."

"ನಿಮ್ಮ ಮ್ಯಾಲೆ ಅನುಮಾನ ಪಟ್ರ ನನ್ನ ನಾಲಗಿ ಬಿದ್ದ ಹೋಗಲಿ," ಎಂದೆ. ನಿಜವಾಗಿಯೂ ಪಟ್ಟಿರಲಿಲ್ಲ. ಪೆಡಲ್ ಎಷ್ಟು ಒತ್ತಿದೆ ಎಂಬುದೂ ದಾಖಲಾಗುತ್ತಿತ್ತು.

ಫೋನಿನಲ್ಲಿ ವಿಷಯ ಕೇಳಿದ ಮುಖ್ಯಸ್ಥರ ದನಿ ಸಪ್ಪಗಾಯಿತು. ಬಿಡುಗಡೆಯ ದಿನ ಆಗಲೇ ಸಾರಿಬಿಟ್ಟಿದ್ದರು. ಇನ್ನೂರು ಎಂಬ ಅಂಕಿ ಹಾಕಿದ ಜಾಹೀರಾತು ಅಚ್ಚಿಗೆ ಹೋಗಲು ಕಾದಿತ್ತು. "ಬಿಸಿಲಿಗೆ ಇಂಜಿನ್ ಸೊರಗ್ತಾ ಇದೆ ಮೇಡಂ. ಅದಕ್ಕೆ ಔಷಧ ನಾನು ತರ್ತೀನಿ," ಎಂದವರು ರೈಲು ಹತ್ತಿ ವಾಡಿ ಜಂಕ್ಷನ್ನಿನಲ್ಲಿ ಬಂದು ಇಳಿದೇಬಿಟ್ಟರು. ಭಾಯಿ ಹೋಗಿ ಕರೆದುಕೊಂಡು ಬಂದರು. ಅವರ ಲ್ಯಾಪ್‌ಟಾಪಿನಲ್ಲಿ ಔಷಧ ಇತ್ತು. ಇಂಜಿನ್ನಿನ ಕಂಪ್ಯೂಟರಿಗೆ ತುಂಬುವ ಹೊಸ ಫೈಲ್. ಅದು ಒಳಗೆ ಹೋದರೆ ಟರ್ಬೊ ಇನ್ನಷ್ಟು ಗಾಳಿಯನ್ನು ಒತ್ತಿ ತುಂಬುತ್ತದೆ, ಕಳೆದುಹೋದ ಹದಿನೇಳು ಕುದುರೆ ವಾಪಸು ಬರುತ್ತವೆ.

ಇಂಜಿನ್ ನಿಜವಾಗಿಯೂ ಸೊರಗಿದ್ದರೆ ಅದರಿಂದ ಅಪಾಯವಿಲ್ಲ. ಹಸಿದವರಿಗೆ ಒಂದು ತುತ್ತು ಹೆಚ್ಚು ಹಾಕಿದಂತೆ. ಆದರೆ ಇಂಜಿನ್ ಸರಿಯಾಗಿದ್ದು ನನ್ನ ಅಂಕಿಯೇ ತಪ್ಪಾಗಿದ್ದರೆ? ಆಗ ಆಗಲೇ ಇನ್ನೂರು ಕೊಡುತ್ತಿರುವ ಇಂಜಿನ್ನಿನ ಮೇಲೆ ಇನ್ನೂ ಒತ್ತಡ ಬೀಳುತ್ತದೆ. ಪಿಸ್ಟನ್ನುಗಳು ತಾಳುವ ಮಿತಿ ಆ ಇನ್ನೂರಕ್ಕಿಂತ ಸ್ವಲ್ಪವೇ ಮೇಲಿತ್ತು. ಅದನ್ನು ದಾಟಿದರೆ ಏನಾಗುತ್ತದೆ ಎನ್ನುವುದು ಭಾಯಿಯ ಎಡಗೈ ಮೇಲೇ ಇತ್ತು. ಎಲ್ಲವೂ ನನ್ನ ನೂರಾ ಎಂಬತ್ಮೂರು ನಿಜವೋ ಸುಳ್ಳೋ ಎಂಬುದರ ಮೇಲೆ ನಿಂತಿತ್ತು. ನನಗೋ, ಅದನ್ನು ನಂಬಲೂ ಆಗುತ್ತಿರಲಿಲ್ಲ, ಅಲ್ಲಗಳೆಯಲೂ ಆಗುತ್ತಿರಲಿಲ್ಲ.

ಮರುದಿನ ಮುಂಜಾನೆ ರಸ್ತೆಯ ತುದಿಯಲ್ಲಿ, ನೆರಳಿಗೆಂದು ಕಟ್ಟಿದ ತಾಡಪತ್ರಿಯ ಕೆಳಗೆ ಮುಖ್ಯಸ್ಥರು ಲ್ಯಾಪ್‌ಟಾಪ್ ಬಿಚ್ಚಿ ಕಾರಿಗೆ ಕೇಬಲ್ ಸಿಕ್ಕಿಸಿದರು. ಭಾಯಿ ನನ್ನ ಹತ್ತಿರ ಬಂದು, ಕೈಗಡಿಯಾರ ಬಿಚ್ಚಿ ಮುಂದೆ ಹಿಡಿದರು.

"ಇದ ಇಟ್ಕೋರಿ ಅಕ್ಕಾರ."

"ಯಾಕ್ರಿ ಭಾಯಿ?"

"ಹೋದ ಸಲ ಕತ್ತರಿಸಿ ತಗೀಬೇಕಾತು. ಚರ್ಮಕ್ಕ ಅಂಟಿತ್ತು. ಇದು ಮಗಳು ಕೊಡಿಸಿದ್ದದ, ಮೊದಲ ಪಗಾರದಾಗ." ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ಒತ್ತಲೇನ್ರಿ ಅಕ್ಕಾರ, ಬ್ಯಾಡೇನ್ರಿ? ನೀವು ಹೂಂ ಅಂದ್ರ ಒತ್ತತೀನಿ. ಸಾಹೇಬ್ರಿಗ ನಾ ಕೇಳಂಗಿಲ್ಲ."

ಹೂಂ ಎನ್ನಲು ಧೈರ್ಯವಿಲ್ಲ, ಬ್ಯಾಡ ಎನ್ನಲು ಕಾರಣವಿಲ್ಲ. ಗಡಿಯಾರವನ್ನು ಕುರ್ತಾದ ಜೇಬಿನಲ್ಲಿ ಹಾಕಿಕೊಂಡು ಹೋಗಿ ಲ್ಯಾಪ್‌ಟಾಪಿನಲ್ಲಿದ್ದ ನನ್ನ ಗ್ರಾಫಿನ ಗೆರೆಗಳ ಮುಂದೆ ಕುಳಿತೆ. ಪ್ರಯೋಗಾಲಯದ ಟಾರ್ಕ್ ಗೆರೆ ಮೇಲೆ, ನಮ್ಮ ರಸ್ತೆಯ ಗೆರೆ ಕೆಳಗೆ. ಎಷ್ಟೋ ಸಲ ನೋಡಿದ್ದೆ. ಆ ದಿನ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಎರಡು ಗೆರೆಗಳ ಆಕಾರ ಒಂದೇ. ಮೇಲಿನದು ಎಲ್ಲಿ ಏರುತ್ತದೋ ಕೆಳಗಿನದೂ ಅಲ್ಲೇ ಏರುತ್ತದೆ, ಎಲ್ಲಿ ಬಾಗುತ್ತದೋ ಅಲ್ಲೇ ಬಾಗುತ್ತದೆ. ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಕಡಿಮೆ. ಬಿಸಿಲಿಗೆ ಸೊರಗುವ ಇಂಜಿನ್ ಹೀಗೆ ಸೊರಗುವುದಿಲ್ಲ. ನಿಧಾನದಲ್ಲಿ ಸರಿಯಾಗಿರುತ್ತದೆ, ಜೋರಾದಂತೆ ಉಸಿರು ಕಟ್ಟುತ್ತದೆ, ಓಡಿಸಿದಷ್ಟೂ ಇನ್ನಷ್ಟು ಕುಗ್ಗುತ್ತದೆ. ಇದು ರೋಗದ ಲಕ್ಷಣವಲ್ಲ. ಯಾರೋ ಇಡೀ ಲೆಕ್ಕವನ್ನೇ ಕಡಿಮೆ ಅಂಕಿಯಿಂದ ಗುಣಿಸಿದ ಹಾಗಿತ್ತು.

ಟೈರಿನ ಅಳತೆ ತಪ್ಪಿರಬಹುದೇ? ಟೈರು ತಪ್ಪಿದರೆ ಟಾರ್ಕ್ ತಪ್ಪುತ್ತದೆ, ಆದರೆ ಅಶ್ವಶಕ್ತಿ ತಪ್ಪುವುದಿಲ್ಲ, ಅದರ ಲೆಕ್ಕಕ್ಕೆ ವೇಗ ಉಪಗ್ರಹದಿಂದ ಬರುತ್ತದೆ. ಎರಡೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ತಪ್ಪಬೇಕಾದರೆ...

"ಮೇಡಂ," ಮುಖ್ಯಸ್ಥರು ಕರೆದರು. "ಈ ಓಟಕ್ಕೆ ನೀವು ಗಾಡೀಲಿ ಕೂರೋದು ಬೇಡ. ಹೊಸ ಫೈಲ್ ಹಾಕಿದಾಗ ಡ್ರೈವರ್ ಒಬ್ಬರೇ ಇರಬೇಕು ಅಂತ ನಿಯಮ."

ನನಗೆ ಸಿಟ್ಟು ನೆತ್ತಿಗೇರಿತು. ಅಪಾಯ ಇದೆ ಎಂದು ನಿಯಮಕ್ಕೂ ಗೊತ್ತು, ಆದರೆ ಅದು ಡ್ರೈವರಿಗೆ ಮಾತ್ರ ಇರಲಿ ಎಂದಾಯಿತಲ್ಲ! "ಡ್ರೈವರ್ ಜೀವ ಜೀವ ಅಲ್ಲೇನ್ರಿ?" ಎಂದೆ. ಸಿಟ್ಟು ಬಂದರೆ ನನಗೆ ಊರಿನ ಮಾತೇ ಬರುವುದು.

ಅವರು ಮುಖ ತಿರುಗಿಸಿದರು. "ಹಾಗಲ್ಲ ಮೇಡಂ. ತೂಕ ಬದಲಾಗಬಾರದು ಅಷ್ಟೆ. ನಿಮ್ಮ ಸೀಟಿಗೆ ಮರಳಿನ ಚೀಲ ಇಡೋಣ. ನಿಮ್ಮ ತೂಕ ಎಷ್ಟು ಹೇಳಿ?"

"ತೊಂಬತ್ತೆರಡು," ಎಂದೆ. ಭಾಯಿ ನಗು ತಡೆಯಲಾಗದೆ ಅತ್ತ ತಿರುಗಿ ಕೆಮ್ಮಿದರು.

ಆ ಕ್ಷಣವೇ ತಲೆಯಲ್ಲಿ ಏನೋ ಕಚ್ಚಿಕೊಂಡಿತು. ನನ್ನ ತೂಕವನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಕಾಟಾದಲ್ಲಿ ಯಾರೂ ಕೇಳಿರಲಿಲ್ಲ. ಕುಂದ್ರಿ ಅಕ್ಕಾರ, ಎಂಥಾ ಬಿಸಲದ, ನಾ ನೋಡಿ ಹೇಳ್ತೀನಿ. ನೋಡಿ ಹೇಳ್ತೀನಿ! ಶಹಾಬಾದಿನಲ್ಲಿ ಫರಸಿ ಲಾರಿಗಳು ತೂಗುವುದನ್ನು ನೋಡುತ್ತ ಬೆಳೆದವಳು ನಾನು. ತುಂಬಿದ ಲಾರಿಯಿಂದ ಡ್ರೈವರ್, ಕ್ಲೀನರ್ ಇಳಿಯುವುದಿಲ್ಲ. ಕಲ್ಲಿನ ಲೆಕ್ಕದಲ್ಲಿ ಮನುಷ್ಯರ ಭಾರ ಸೇರಬಾರದೆಂದು ಕಾಟಾದವರು ಕುಂತ ಮಂದಿಯ ತೂಕವನ್ನು ಕಣ್ಣಂದಾಜಿನಲ್ಲಿ ಕಳೆದು ಹೇಳುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ, ಅದು ರೂಢಿ. ವರ್ಷಗಟ್ಟಲೆ ಊರು ಬಿಟ್ಟು ತಿರುಗಿ ಅದನ್ನು ಪೂರ್ತಿ ಮರೆತುಬಿಟ್ಟಿದ್ದೆ.

ಎದ್ದುಹೋಗಿ ಕಾರಿನಿಂದ ಕೇಬಲ್ ಕಿತ್ತೆ.

"ಗಾಡಿ ಓಡಂಗಿಲ್ಲ," ಎಂದೆ.

ಮುಖ್ಯಸ್ಥರು ಹೌಹಾರಿದರು. ಮಧ್ಯಾಹ್ನದೊಳಗೆ ಅಂಕಿ ಹೇಳದಿದ್ದರೆ ಜಾಹೀರಾತು ನಿಲ್ಲುತ್ತದೆ, ತಾವು ಮೇಲಿನವರಿಗೆ ಉತ್ತರ ಹೇಳಬೇಕು ಎಂದರು. ತೂಕದ ಅನುಮಾನ ಹೇಳಿದೆ. "ಅನುಮಾನ ಅಷ್ಟೇ ತಾನೆ? ಅದು ತಪ್ಪಾಗಿ, ಅರ್ಧ ದಿನ ಹಾಳಾದ್ರೆ? ಆಮೇಲೆ ನಮ್ಮ ಕಂಪನೀಲಿ ನಿಮಗೆ ಕೆಲಸ ಕೊಡಿಸೋಕೆ ನನ್ನಿಂದ ಆಗಲ್ಲ ಮೇಡಂ."

"ತಪ್ಪಾದ್ರ ನಾನೇ ಗಾಡಿಯಾಗ ಕುಂದ್ರತೀನಿ. ಮರಳಿನ ಚೀಲ ಬ್ಯಾಡ."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಭಾಯಿ ಹೋಗಿ ಹಗ್ಗ ಬಿಚ್ಚಿಸಿದರು.

ಕಾಟಾ ಮುಟ್ಟಿದಾಗ ಕರೆಂಟ್ ಇರಲಿಲ್ಲ. ತಗಡಿನ ಕೋಣೆಯ ಫ್ಯಾನ್ ನಿಂತಿತ್ತು, ಅಂಕಿಯ ಪೆಟ್ಟಿಗೆ ಕಪ್ಪಾಗಿತ್ತು. ಎದುರು ತೊಗರಿ ಚೀಲದ ಟ್ರ್ಯಾಕ್ಟರ್ ಒಂದು ಆಗಲೇ ಕಾದು ನಿಂತಿತ್ತು. ಯಜಮಾನರು ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ ಎದ್ದು ಬಂದರು.

"ಬರ್ರಿ ಬರ್ರಿ ಅಕ್ಕಾರ. ಲೈಟ್ ಹೋಗ್ಯದ. ನೀರ ಕುಡೀರಿ ಮೊದಲ."

ನೀರು ಕುಡಿಯುವ ವ್ಯವಧಾನ ನನಗಿರಲಿಲ್ಲ. "ಯಜಮಾನ್ರ, ಅವತ್ತ ನಮ್ಮ ಗಾಡಿ ತೂಗಿದ್ರಲ್ಲ, ನಮ್ಮಿಬ್ಬರದೂ ಹಿಡದು ಹೇಳಿದ್ರೋ, ಬಿಟ್ಟು ಹೇಳಿದ್ರೋ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಿಟ್ಟೇ ಹೇಳೂದಲ್ರಿ ಮತ್ತ? ಗಾಡಿ ವಜನ ಕೇಳಿದ್ರಿ, ಗಾಡಿ ವಜನ ಹೇಳೀನಿ. ಮಂದೀನ್ಯಾಕ ಹಿಡೀಲಿ?"

ಭಾಯಿ "ಯಾ ಅಲ್ಲಾ" ಎಂದು ತಲೆಯ ಮೇಲೆ ಕೈಯಿಟ್ಟರು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಆದರೆ ಮುಖ್ಯಸ್ಥರು ಒಪ್ಪಲಿಲ್ಲ. ಎಷ್ಟು ಕಳೆದರು ಎಂದು ಗೊತ್ತಾಗದೆ ಬಾಯಿಮಾತಿನ ಮೇಲೆ ಮೇಲಿನವರಿಗೆ ಏನೂ ಹೇಳಲಾಗದು ಎಂದರು. ಅವರು ಹೇಳಿದ್ದೂ ಸರಿಯೇ.

"ಎಷ್ಟ ತಗದ್ರಿ ಯಜಮಾನ್ರ?" ಎಂದು ಕೇಳಿದೆ.

"ಡ್ರೈವರ್ ಭಾಯಿದು ಎಂಬತ್ತ ಹಿಡಿದೆ."

"ನಂದು?"

ಯಜಮಾನರು ಕನ್ನಡಕ ತೆಗೆದು ಟವೆಲ್ಲಿಗೆ ಒರೆಸಿದರು. ಮತ್ತೆ ಹಾಕಿಕೊಂಡರು. ಟ್ರ್ಯಾಕ್ಟರಿನ ಕಡೆ ನೋಡಿದರು. "ಅದೊಂದ ಕೇಳಬ್ಯಾಡ್ರಿ ಅಕ್ಕಾರ. ಹೆಣ್ಮಕ್ಕಳ ವಜನ ಹಿಂಗ ರಸ್ತಾದಾಗ ನಿಂತು ಹೇಳೂದು ಛಲೋ ಅಲ್ಲ."

ಅಯ್ಯೋ ದೇವರೇ! ಒಬ್ಬ ಮನುಷ್ಯನ ಜೀವದ ಪ್ರಶ್ನೆ ಇಲ್ಲಿ ನಿಂತಿದೆ, ಇವರಿಗೆ ನನ್ನ ಮಾನದ ಚಿಂತೆ. "ಹೇಳ್ರಿ, ನಿಮ್ಮ ಕಾಲಿಗಿ ಬೀಳ್ತೀನಿ," ಎಂದೆ. ನಾನು ನಿಜಕ್ಕೂ ಬಗ್ಗಿದ್ದು ನೋಡಿ ಅವರು ಗಾಬರಿಯಾದರು.

"ಎಪ್ಪತ್ತ ಹಿಡಿದೆರಿ," ಎಂದರು ಮೆಲ್ಲಗೆ. "ಮರ್ಯಾದಿಗಿ."

ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಕ್ಕಾರ, ಇವ್ರು ಖರೆ ಹಿಡಿದಿದ್ರ ಇಂಜಿನ್ ಇನ್ನಾ ಸೊರಗತಿತ್ತು!" ಅದು ನಿಜವೂ ಹೌದು, ಗಾಡಿಯ ತೂಕವನ್ನು ಇನ್ನೂ ಇಪ್ಪತ್ತೆರಡು ಕಿಲೋ ಕಡಿಮೆ ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ. ಕರೆಂಟ್ ಬರುವ ತನಕ ನನಗೆ ಏನೂ ಬರುವಂತಿರಲಿಲ್ಲ.

ಕಾದೆವು. ಮುಖ್ಯಸ್ಥರ ಫೋನ್ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಅವರು ಎತ್ತದೆ ಅತ್ತಿಂದಿತ್ತ ತಿರುಗುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಾರಿಗೆ ಏನು ಉತ್ತರ ಹೇಳಬೇಕೋ, ಪಾಪ, ಅವರ ತಲೆಯ ಮೇಲೂ ಒಂದು ಭಾರ ಇತ್ತು. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ಭಾಯಿಯ ಗಡಿಯಾರವನ್ನು ಬಿಗಿಯಾಗಿ ಹಿಡಿದಿದ್ದೆ. ನೂರೈವತ್ತು ಕಿಲೋ ಸೇರಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಪ್ರತಿ ಸಲ ನಡುವೆ ತಪ್ಪುತ್ತಿದ್ದೆ. ದಿನಾ ಮಾಡುವ ಗುಣಾಕಾರ ಆ ಹೊತ್ತಿಗೆ ಕೈಕೊಟ್ಟಿತ್ತು.

ಫ್ಯಾನ್ ಕಿರ್ರೆಂದಿತು. ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಹೊತ್ತಿಕೊಂಡವು. ಟ್ರ್ಯಾಕ್ಟರಿನವರು ನಮ್ಮ ಮುಖ ನೋಡಿ, "ನೀವ ಹೋಗ್ರಿ ಮೊದಲ," ಎಂದು ಬಿಟ್ಟುಕೊಟ್ಟರು. ಭಾಯಿ ಗಾಡಿಯನ್ನು ಕಾಟಾದ ಮೇಲೆ ಹತ್ತಿಸಿದರು, ನಾನು ಪಕ್ಕದಲ್ಲಿ ಕುಳಿತೆ. ಪೆಟ್ರೋಲ್ ಅದೇ ಗುರುತಿನಲ್ಲಿತ್ತು, ಸಾಮಾನು ಎಲ್ಲ ಅಂದಿನದೇ. ಈ ಸಲ ಮುಖ್ಯಸ್ಥರೇ ಕೋಣೆಯೊಳಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತರು.

"ಕಳೀಬ್ಯಾಡ್ರಿ ಯಜಮಾನ್ರ!" ಎಂದು ಕಿಟಕಿಯಿಂದ ಕೂಗಿದೆ.

"ಇಲ್ಲವಾ, ಈ ಸಲ ನಾ ಬಾಯೇ ತಗಿಯಂಗಿಲ್ಲ," ಎಂದರು.

ಮುಖ್ಯಸ್ಥರು ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. "ಸಾವಿರದ ಏಳುನೂರ ತೊಂಬತ್ತು," ಎಂದರು.

ಲ್ಯಾಪ್‌ಟಾಪಿನಲ್ಲಿ ತೂಕದ ಒಂದು ಅಂಕಿ ಬದಲಿಸಿದೆ. ಕೆಳಗಿನ ಗೆರೆ ಎದ್ದು ಹೋಗಿ ಮೇಲಿನ ಗೆರೆಯ ಮೇಲೆ ಕುಳಿತುಬಿಟ್ಟಿತು. ಇನ್ನೂರಕ್ಕೆ ಕೂದಲೆಳೆಯಷ್ಟು ಕಡಿಮೆ. ಟಾರ್ಕ್ ಮುನ್ನೂರು. ಇಂಜಿನ್ ಮೊದಲ ದಿನದಿಂದಲೂ ನಿಯತ್ತಾಗಿ ಇನ್ನೂರು ಕೊಡುತ್ತಲೇ ಇತ್ತು. ನಾವು ಅದನ್ನು ಸುಳ್ಳುಗಾರ ಎಂದು ಬೈಯುತ್ತ ಅದರ ಬಾಯಿಗೆ ಔಷಧ ಸುರಿಯಲು ಹೊರಟಿದ್ದೆವು.

ಮುಖ್ಯಸ್ಥರು ಕಾಟಾದ ಕಟ್ಟೆಯ ಮೇಲೇ ಕುಳಿತು ತಮ್ಮ ಲ್ಯಾಪ್‌ಟಾಪ್ ಬಿಚ್ಚಿದರು. ಹೊಸ ಫೈಲ್ ಹಾಕಿದ್ದರೆ ಪಿಸ್ಟನ್ ಮೇಲಿನ ಒತ್ತಡ ಎಲ್ಲಿಗೆ ಹೋಗುತ್ತಿತ್ತು ಎಂದು ತಾವೇ ಲೆಕ್ಕ ಹಾಕಿದರು. ಅಂಕಿ ನನಗೆ ತೋರಿಸಲಿಲ್ಲ, ಭಾಯಿಗೂ ತೋರಿಸಲಿಲ್ಲ. ಮಿತಿ ದಾಟುತ್ತಿತ್ತೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಆಮೇಲೆ ಆ ಫೈಲ್ ಅಳಿಸಿಹಾಕಿದರು.

"ಕಾರು ಹಗುರ ಅಂದ ಕೂಡ್ಲೇ ನಾನು ನಂಬಿಬಿಟ್ಟೆ ಮೇಡಂ," ಎಂದರು. "ಇಂಜಿನ್ ವೀಕು ಅಂದಾಗಲೂ ತೂಕದ ಮೇಲೆ ಅನುಮಾನ ಬರಲಿಲ್ಲ." ಎದ್ದು ಭಾಯಿಯ ಹತ್ತಿರ ಹೋಗಿ ಕೈ ಮುಗಿದರು. ಭಾಯಿ, "ಆತ್ ಬಿಡ್ರಿ ಸಾಹೇಬ್ರ, ಚಹಾ ಕುಡೀರಿ," ಎಂದರು.

ಅಚ್ಚಿಗೆ ಹೋಗುವ ಮುನ್ನ ಸರಿಯಾದ ತೂಕದಲ್ಲಿ ಒಂದು ಓಟ ಬೇಕೇ ಬೇಕಿತ್ತು. ಮತ್ತೆ ಅದೇ ರಸ್ತೆ, ಹಳೆಯ ಫೈಲ್, ಏರಿಸಿದ ಕಿಟಕಿ, ಸುಣ್ಣದ ಭಟ್ಟಿ. ನಾನು ನನ್ನ ಸೀಟಿನಲ್ಲೇ ಕುಳಿತು ಬೆಲ್ಟ್ ಬಿಗಿದೆ. ಭಾಯಿ ಮೂರನೇ ಗೇರಿಗೆ ಹಾಕಿ, ನಿಧಾನಕ್ಕೆ ಉರುಳಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಒತ್ತಲೇನ್ರಿ ಅಕ್ಕಾರ?"

"ಒತ್ತರಿ ಭಾಯಿ."

ಒತ್ತಿದರು. ಬೆನ್ನು ಸೀಟಿಗೆ ಅಂಟಿಕೊಂಡಿತು, ಇಂಜಿನ್ನಿನ ದನಿ ಎಲ್ಲೂ ಮುಗ್ಗರಿಸದೆ ಕೆಂಪು ಗೆರೆಯವರೆಗೆ ಏರಿತು. ತಿರುಗಿ ಬಂದೆವು, ಮತ್ತೆ ಒತ್ತಿದರು. ಅಂಕಿ ಹೇಳಿದೆ. ಇನ್ನೂರಾ ಒಂದು. ಮುಖ್ಯಸ್ಥರು ತಾಡಪತ್ರಿಯ ಕೆಳಗಿನಿಂದಲೇ ಫೋನ್ ಹಚ್ಚಿ ಜಾಹೀರಾತಿನವರಿಗೆ ಹೂಂ ಎಂದರು.

ನಾನು ನೀರಿನ ಬಾಟಲಿ ಭಾಯಿಗೆ ಕೊಟ್ಟೆ. ಅವರು ಕುಡಿದು ಮುಚ್ಚಳ ಹಾಕಿದರು. ಆಮೇಲೆ ಎಡಗೈ ಮುಂದೆ ಚಾಚಿದರು, ಸುಟ್ಟ ಗುರುತು ಮೇಲೆ ಮಾಡಿ.

"ಗಡಿಯಾರ ಕೊಡ್ರಿ ಅಕ್ಕಾರ. ನಮಾಜಿಗಿ ಹೊತ್ತಾತು."